ಕಾಲೇಜಿನ ಬಾಗಿಲು ಮತ್ತೆ ತೆರೆದಾಗ

ಬಹುಕಾಲ ಮುಚ್ಚಿದ್ದ ಲೆಕ್ಕದ ಪುಸ್ತಕವನ್ನು ತೆರೆಯುವಾಗ ಮೊದಲು ಆರಂಭದ ಶಿಲ್ಕನ್ನು ನೋಡಬೇಕೆಂಬುದು ವಾಣಿಜ್ಯಶಾಸ್ತ್ರದ ಮೊದಲ ಪಾಠ. ಕೋವಿಡ್ ಪಿಡುಗಿನ ತರುವಾಯ ಕಾಲೇಜುಗಳು ತೆರೆದಾಗ ಹಿರಿಯರಾದ ನಾವು ಈ ಪಾಠವನ್ನೇ ಮರೆತೆವು.

2020ರ ಮಾರ್ಚ್ ತಿಂಗಳಲ್ಲಿ ಮುಚ್ಚಿದ ತೆಲಂಗಾಣದ ಕಾಲೇಜುಗಳು 2021ರ ಫೆಬ್ರವರಿ 1ರಂದು ತೆರೆದುವು. ಎರಡನೆಯ ಅಲೆಯಿಂದಾಗಿ, ವೈದ್ಯಕೀಯ ಕಾಲೇಜುಗಳ ಹೊರತು ಉಳಿದವು ಮಾರ್ಚ್ 24ರಿಂದ ಪುನಃ ಮುಚ್ಚಿ, ಸೆಪ್ಟೆಂಬರ್ 1ರಂದು ತೆರೆದುವು. 2022ರ ಜನವರಿಯಲ್ಲಿ ಸಂಕ್ರಾಂತಿಯ ರಜೆ 30ರವರೆಗೆ ಬೆಳೆಯಿತು.

ನಮ್ಮ ಸನತ್‌ನಗರಕ್ಕೆ ಈ ರೋಗ ದೂರದ ವಾರ್ತೆಯಾಗಿರಲಿಲ್ಲ. ಇಲ್ಲಿಯ ಇ.ಎಸ್.ಐ. ವೈದ್ಯಕೀಯ ಕಾಲೇಜಿನ ಸಹಯೋಗದಲ್ಲಿಯೇ ಡಿ.ಆರ್.ಡಿ.ಓ. ಸಂಸ್ಥೆಯು 2020ರ ಏಪ್ರಿಲ್‌ನಲ್ಲಿ ಸಂಚಾರಿ ವೈರಾಣು ಪ್ರಯೋಗಾಲಯವನ್ನು ಸಿದ್ಧಪಡಿಸಿತ್ತು.

ನಮ್ಮ ಮನೆಯಲ್ಲಿದ್ದು ಬಿ.ಕಾಂ. ಓದುತ್ತಿದ್ದ ಅಣ್ಣನ ಮಗಳು ಆ ಸೆಪ್ಟೆಂಬರ್‌ನಲ್ಲಿ ಕಾಲೇಜಿಗೆ ಹೋಗಲು ಒಲ್ಲೆನೆಂದಳು. ಸೋಮಾರಿತನವೆಂದು ಭಾವಿಸಿ ನಾನು ಗದರಿಸಿದೆ. ಒಂದು ವಾರ ಕಳೆದ ಮೇಲೆ, ಆಕೆ ಅತ್ತು ಹೇಳಿದ ಕಾರಣ ಬೇರೆಯೇ ಆಗಿತ್ತು: ಬಸ್ಸಿನ ನೂಕುನುಗ್ಗಲಿನಿಂದ ಸೋಂಕನ್ನು ತಂದು ಅಜ್ಜಿಗೆ ಅಂಟಿಸಿಬಿಡುವೆನೆಂಬ ಭಯ!

ಭಯಕ್ಕೆ ಗದರಿಕೆ ಔಷಧವಲ್ಲ. ಅಜ್ಜಿಗೆ ಎರಡು ಸಲ ಲಸಿಕೆಯಾಗಿರುವುದನ್ನೂ, ಗಾಳಿಯಾಡದ ಕೋಣೆಯಲ್ಲಿ ಸೋಂಕು ಸುಲಭವಾಗಿ ಹರಡುವುದರಿಂದ ಮುಖಗವಸೂ ತೆರೆದ ಕಿಟಕಿಯೂ ಅಪಾಯವನ್ನು ತಗ್ಗಿಸುವುದನ್ನೂ ವಿವರಿಸಿದೆವು. ಮೊದಲ ದಿನಗಳಲ್ಲಿ ಗೆಳತಿಯೊಬ್ಬಳ ಜೊತೆಗೂಡಿ ಹೋದಳು. ಕ್ರಮೇಣ ಭಯ ಇಳಿಯಿತು.

ಆದ್ದರಿಂದ ದೀರ್ಘ ವಿರಾಮದ ಬಳಿಕ ವಿದ್ಯಾರ್ಥಿಯ ಸಿದ್ಧತೆಯನ್ನು ಮೂರು ಖಾತೆಗಳಲ್ಲಿ ಪರಿಶೀಲಿಸುವುದು ಲೇಸು.

ದೇಹ: ತರಗತಿಗೆ ಎರಡು ವಾರ ಮೊದಲೇ ಮಲಗುವ, ಏಳುವ ಹೊತ್ತನ್ನು ಸ್ವಲ್ಪಸ್ವಲ್ಪವಾಗಿ ಹಿಂದಕ್ಕೆ ತರಬೇಕು, ನಿತ್ಯ ನಡೆಯಬೇಕು. ರೋಗದಿಂದ ಎದ್ದವರಿಗೆ ಆಯಾಸ, ಉಬ್ಬಸ ಉಳಿದಿದ್ದರೆ ಆಟಕ್ಕಿಳಿಯುವ ಮುನ್ನ ವೈದ್ಯರನ್ನು ಕಾಣಬೇಕು.

ವ್ಯಾಸಂಗ: ದೂರವಾಣಿಯ ಪರದೆಯಲ್ಲಿ ಪಾಠ ಕೇಳಿದವರಿಗೆ ಮೂರು ಗಂಟೆ ಕುಳಿತು ಬರೆಯುವ ಅಭ್ಯಾಸ ತಪ್ಪಿರುತ್ತದೆ. ದಿನಕ್ಕೊಂದು ಉತ್ತರವನ್ನು ಕೈಯಿಂದ ಬರೆಯುವುದು ಹಿತಕರ.

ಮನಸ್ಸು: ನಿದ್ರಾಹೀನತೆ, ಭಯ, ಏಕಾಂತದ ಒಲವು ಎರಡು ವಾರ ಮೀರಿದರೆ ತಜ್ಞರ ನೆರವು ಅಗತ್ಯ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆ 14416 ಸಂಖ್ಯೆಯಲ್ಲಿ ಉಚಿತವಾಗಿ ದೊರೆಯುತ್ತದೆ.

ಬಾಗಿಲು ತೆರೆಯುವ ದಿನವನ್ನು ಸರ್ಕಾರ ನಿಶ್ಚಯಿಸಬಹುದು. ಒಳಗೆ ಕಾಲಿಡುವ ಧೈರ್ಯ ಮನೆಯಲ್ಲಿಯೇ ಹುಟ್ಟಬೇಕು. ಮಕ್ಕಳು 'ಒಲ್ಲೆ' ಎಂದಾಗ 'ಏಕೆ?' ಎಂದು ಮೃದುವಾಗಿ ಕೇಳೋಣ. ಒಂದು ವಾರ ತಡವಾಗಿ ನಾನು ಕಲಿತದ್ದು ಇಷ್ಟೇ.