ಏಕಾಂತವೂ ಒಂಟಿತನವೂ

ಏಕಾಂತವು ಬೇರೆ, ಒಂಟಿತನವು ಬೇರೆ. ಕರಸ್ಥಲದ ಇಷ್ಟಲಿಂಗದಲ್ಲಿ ದೃಷ್ಟಿಯಿಟ್ಟು ಕುಳಿತವನು ಒಂಟಿಯಲ್ಲ. ನೂರು ಮಂದಿಯ ಚಿತ್ರಗಳನ್ನು ನೋಡಿಯೂ ಒಬ್ಬರ ಕುಶಲವನ್ನೂ ವಿಚಾರಿಸದವನು ಒಂಟಿಯೇ ಸರಿ.

ಕೊರೋನಾ ವ್ಯಾಧಿಯ ನಿಮಿತ್ತ 2020ರ ಮಾರ್ಚ್ 25ರಿಂದ ದೇಶದಲ್ಲೆಲ್ಲ 21 ದಿನಗಳ ಲಾಕ್‌ಡೌನ್ ಜಾರಿಗೆ ಬಂದಿತು. ಮೇ ಕೊನೆಯವರೆಗೂ ಮುಂದುವರಿಯಿತು. ದೊಡ್ಡಬಳ್ಳಾಪುರದ ಬಳಿಯ ಬಾಶೆಟ್ಟಿಹಳ್ಳಿಯಂತಹ ಕೈಗಾರಿಕಾ ಸ್ಥಳಗಳಲ್ಲಿ, ಊರು ಬಿಟ್ಟು ಬಂದು ದುಡಿಯುವವರಿಗೆ ಬಾಡಿಗೆಯ ಕೋಣೆಯೂ ಕೈಯಲ್ಲಿನ ಮೊಬೈಲೂ ಮಾತ್ರವೇ ಜೊತೆಯಾದವು. ಅದರಲ್ಲಿ ಫೇಸ್‌ಬುಕ್ಕಿನ ಪರರ ಸಂಭ್ರಮವನ್ನೇ ನೋಡುತ್ತ ಕುಳಿತರೆ ಮನವು ಬರಿದಾಗುವುದು. ಅದರಲ್ಲಿಯೇ ಹೆತ್ತ ತಾಯಿಯ ದನಿಯನ್ನು ಕೇಳಿದರೆ ತುಂಬುವುದು. ದೋಷವು ವಸ್ತುವಿನದಲ್ಲ, ಬಳಕೆಯದು.

ಅನುಭವ ಮಂಟಪದಲ್ಲಿ ಶರಣರು ನೆರೆದುದು ಒಬ್ಬರನ್ನೊಬ್ಬರು ನೋಡುವುದಕ್ಕಲ್ಲ, ನುಡಿಗೆ ನುಡಿ ಕೊಡುವುದಕ್ಕೆ. ಸದ್ಗೃಹಸ್ಥರು ದಿನಕ್ಕೊಮ್ಮೆ ಒಂಟಿಯಾಗಿರುವ ಒಬ್ಬರನ್ನಾದರೂ ಮಾತನಾಡಿಸಲಿ. ಅದೂ ದಾಸೋಹವೇ.