ಒಂದು ನಗರ, ಎರಡು ಚಿತ್ರ: ರಾಯಭಾರಿ ಬಿಷಪ್ ಲಿಯುಟ್‌ಪ್ರಾಂಡ್

ಇಟಲಿಯ ಕ್ರೆಮೋನಾದ ಬಿಷಪ್ ಆಗಿದ್ದ ಲಿಯುಟ್‌ಪ್ರಾಂಡ್ 10ನೆಯ ಶತಮಾನದ ಹೆಸರಾಂತ ಲ್ಯಾಟಿನ್ ಗದ್ಯಕಾರ, ಗ್ರೀಕ್ ಬಲ್ಲ ರಾಯಭಾರಿ. ಬಿಷಪ್ ಆಗುವ ಮೊದಲೇ, 949ರಲ್ಲಿ, ಬೆರೆಂಗಾರನ ದೂತನಾಗಿ ಕಾನ್‌ಸ್ಟಾಂಟಿನೋಪಲಿಗೆ ಹೋಗಿ ಸತ್ಕಾರ ಪಡೆದನು. ಅಲ್ಲಿನ ಅರಮನೆಯ ಚಿನ್ನದ ಲೇಪದ ಮರ, ಅದರ ಮೇಲೆ ಉಲಿಯುವ ಲೋಹದ ಹಕ್ಕಿಗಳು, ಗರ್ಜಿಸುವ ಯಂತ್ರಸಿಂಹಗಳು ಅವನ ಗ್ರಂಥದಲ್ಲಿ ವೈಭವದಿಂದ ಮೂಡಿವೆ.

968ರಲ್ಲಿ ಚಕ್ರವರ್ತಿ ಒಟ್ಟೊ ತನ್ನ ಮಗನಿಗೆ ಬೈಜಾಂಟಿಯಂನ ರಾಜಕುಮಾರಿಯನ್ನು ಕೇಳಲು ಅವನನ್ನು ಅದೇ ನಗರಕ್ಕೆ ಕಳುಹಿಸಿದನು. ದಕ್ಷಿಣ ಇಟಲಿಯ ಒಡೆತನದ ವಿವಾದ ಮೊದಲೇ ಇತ್ತು. ಅಷ್ಟರಲ್ಲಿ ಬಂದ ಪೋಪರ ಪತ್ರವು ಒಟ್ಟೊನನ್ನು ‘ರೋಮನ್ನರ ಚಕ್ರವರ್ತಿ’ ಎಂದೂ ನಿಕೆಫೊರಸ್ ಫೋಕಾಸನನ್ನು ‘ಗ್ರೀಕರ ಚಕ್ರವರ್ತಿ’ ಎಂದೂ ಸಂಬೋಧಿಸಿತ್ತು. ತಾವೇ ರೋಮಿನ ವಾರಸುದಾರರೆಂದು ನಂಬಿದ್ದ ಆಸ್ಥಾನಕ್ಕೆ ಅದು ಅಪಮಾನವಾಗಿ ಕಂಡಿತು. ಸಂಬಂಧ ಕೂಡಿಬರಲಿಲ್ಲ. ಹಿಂದಿರುಗುವಾಗ ಲಿಯುಟ್‌ಪ್ರಾಂಡ್ ಕೊಂಡಿದ್ದ ನೇರಳೆ ವಸ್ತ್ರಗಳನ್ನೂ ಕಸಿದುಕೊಂಡರು.

ಈ ಸಲದ ವರದಿಯಲ್ಲಿ ಅರಸನ ರೂಪ, ಊಟದ ಎಣ್ಣೆ, ದ್ರಾಕ್ಷಾರಸ ಎಲ್ಲವೂ ಹೀಗಳಿಕೆಗೆ ಗುರಿಯಾಗಿವೆ. ಲೇಖಕ ಒಬ್ಬನೇ, ನಗರವೂ ಅದೇ. ಬದಲಾದದ್ದು ದೂತನ ಸ್ಥಿತಿ. ಸೋತು ಬಂದವನು ತನ್ನ ಒಡೆಯರಿಗೆ ಒಪ್ಪಿಸಿದ ಲೆಕ್ಕವದು. ಮುಂದೆ 972ರಲ್ಲಿ, ಬೇರೊಬ್ಬ ಚಕ್ರವರ್ತಿಯ ಕಾಲದಲ್ಲಿ, ಥಿಯೋಫಾನೊ ಒಟ್ಟೊನ ಸೊಸೆಯಾಗಿ ಬಂದಳು. ಆದ್ದರಿಂದ ಪ್ರವಾಸಕಥನವನ್ನೋ ಚರಿತ್ರೆಯನ್ನೋ ಓದುವ ವಿದ್ಯಾರ್ಥಿಯು ಬರೆದವನು ಯಾರಿಗೆ, ಯಾವ ಸ್ಥಿತಿಯಲ್ಲಿ ಬರೆದನೆಂಬುದನ್ನು ಮೊದಲು ವಿಚಾರಿಸಬೇಕು.