ಮೆಗಾವಾಟ್ ಬೇರೆ, ಯೂನಿಟ್ ಬೇರೆ: ಪಾವಗಡದ ಲೆಕ್ಕ

ತುಮಕೂರು ಜಿಲ್ಲೆಯ ಪಾವಗಡ ಸೋಲಾರ್ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್. ರಾಯಚೂರಿನ ಶಾಖೋತ್ಪನ್ನ ಸ್ಥಾವರದ್ದು 1,720. ಹಾಗಾದರೆ ರಾಯಚೂರನ್ನು ಮುಚ್ಚಿಬಿಡಬಹುದಲ್ಲ ಎಂದು ತರಗತಿಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಉತ್ತರ ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲೇ ಇದೆ.

ಮೆಗಾವಾಟ್ ಎಂದರೆ ಶಕ್ತಿ ಉತ್ಪಾದನೆಯ ದರ. ಬಿಲ್ಲಿನಲ್ಲಿ ಬರುವ ಯೂನಿಟ್, ಅಂದರೆ ಕಿಲೋವಾಟ್ ಗಂಟೆ, ಉತ್ಪಾದನೆಯಾದ ಒಟ್ಟು ಶಕ್ತಿ. ರಾತ್ರಿ, ಮೋಡ, ಓರೆ ಬಿಸಿಲು ಎಲ್ಲವನ್ನೂ ಕಳೆದರೆ ಸೌರ ಫಲಕವೊಂದು ದಿನದ ಸರಾಸರಿಯಲ್ಲಿ ತನ್ನ ಸಾಮರ್ಥ್ಯದ ಐದನೇ ಒಂದರಷ್ಟು ಕೊಡುತ್ತದೆ ಎಂದು ಹಿಡಿಯೋಣ. 2,050 ಮೆಗಾವಾಟನ್ನು 24 ಗಂಟೆಯಿಂದ ಗುಣಿಸಿ 5ರಿಂದ ಭಾಗಿಸಿ: ದಿನಕ್ಕೆ ಸುಮಾರು 98 ಲಕ್ಷ ಯೂನಿಟ್. ರಾಯಚೂರು ಶೇಕಡ 70ರಷ್ಟು ಓಡಿದರೂ ಸುಮಾರು 2 ಕೋಟಿ 89 ಲಕ್ಷ. ಅದೂ ಸಂಜೆ ಏಳಕ್ಕೆ, ನಾವೆಲ್ಲ ದೀಪ ಹಚ್ಚುವ ಹೊತ್ತಿಗೂ ಸಿಗುತ್ತದೆ.

ಹಾಗೆಂದು ಪಾವಗಡವನ್ನು ಕಡಿಮೆ ಅಂದಾಜು ಮಾಡಬೇಡಿ. ರಸಾಯನಶಾಸ್ತ್ರದ ಕಡೆಗೆ ಬನ್ನಿ. 12 ಗ್ರಾಂ ಇಂಗಾಲ ಉರಿದರೆ 44 ಗ್ರಾಂ ಇಂಗಾಲದ ಡೈಆಕ್ಸೈಡ್. ಉರಿದ ಇಂಗಾಲಕ್ಕಿಂತ ಹೊರಬರುವ ಅನಿಲವೇ ಭಾರ! ಕಲ್ಲಿದ್ದಲಿನ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಒಂದು ಕಿಲೋ ಅನಿಲ ಗಾಳಿಗೆ ಸೇರುತ್ತದೆ. 98 ಲಕ್ಷ ಯೂನಿಟ್ ಬಿಸಿಲಿನಿಂದ ಬಂದರೆ ದಿನಕ್ಕೆ ಹತ್ತಿರ ಹತ್ತಿರ ಹತ್ತು ಸಾವಿರ ಟನ್ ಉಳಿತಾಯ. ಭೂಮಿಯ ಶಾಖವನ್ನು ಹಿಡಿದಿಡುವುದು ಇದೇ ಅನಿಲ, ಮತ್ತು ಒಮ್ಮೆ ಸೇರಿದರೆ ಅದರ ಒಂದು ಭಾಗ ನೂರಾರು ವರ್ಷ ಅಲ್ಲೇ ಇರುತ್ತದೆ.

ಈಗ ಸರ್ಕಾರದ ನೀತಿಯ ಮಾತು. ನನಗೆ ಪಾವಗಡದಲ್ಲಿ ಎಲ್ಲಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸುವುದು ಫಲಕಗಳಲ್ಲ, ಜಮೀನಿನ ವ್ಯವಸ್ಥೆ. ತಿರುಮಣಿ, ವಳ್ಳೂರು ಮುಂತಾದ ಐದು ಹಳ್ಳಿಗಳ ಸುಮಾರು 13,000 ಎಕರೆಯನ್ನು ರೈತರಿಂದ ಕಿತ್ತುಕೊಳ್ಳಲಿಲ್ಲ, ಕೊಳ್ಳಲೂ ಇಲ್ಲ; 28 ವರ್ಷದ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5ರ ಏರಿಕೆ. ಮಳೆ ಕೈಕೊಟ್ಟು ಶೇಂಗಾ ಒಣಗುವ ಬರದ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಜಮೀನೂ ರೈತನ ಹೆಸರಿನಲ್ಲೇ ಉಳಿಯಿತು.

ಆದರೆ ಬಾಡಿಗೆ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ, ಬೀಳು ಭೂಮಿಯಲ್ಲಿ ಕುರಿ ಮೇಯಿಸುತ್ತಿದ್ದ ಭೂರಹಿತರಿಗೆ ಕೂಲಿಯೂ ಹೋಯಿತು, ಮೇವೂ ಹೋಯಿತು. ಫಲಕ ಒರೆಸುವುದು, ಹುಲ್ಲು ಕತ್ತರಿಸುವುದು, ಕಾವಲು ಇಂಥ ಕೆಲಸ ಸಿಕ್ಕಿದ್ದು ಕೆಲವರಿಗಷ್ಟೇ. ಮುಂದಿನ ಪಾರ್ಕಿನ ಒಪ್ಪಂದದಲ್ಲಿ ಇವರಿಗೂ ಒಂದು ಪಾಲು ಬರೆಯಬೇಕು ಎಂದು ಕೇಳುವುದು ಸೌರಶಕ್ತಿಗೆ ವಿರೋಧವಲ್ಲ.

ಸಂಜೆಯ ಕೊರತೆಗೂ ಯೋಜನೆಯಿದೆ. ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್: ಹಗಲಿನ ಹೆಚ್ಚುವರಿ ವಿದ್ಯುತ್ತಿನಿಂದ ಗೇರುಸೊಪ್ಪೆಯ ನೀರನ್ನು ಮೇಲಿನ ತಲಕಳಲೆಗೆ ಎತ್ತಿ, ಸಂಜೆ ಇಳಿಸಿ ಟರ್ಬೈನ್ ತಿರುಗಿಸುವುದು. ಎತ್ತುವುದಕ್ಕೆ ಖರ್ಚಾದಷ್ಟು ವಿದ್ಯುತ್ ಮರಳಿ ಬರುವುದಿಲ್ಲ. ಸುಮಾರು ಐದರಲ್ಲೊಂದು ಪಾಲು ದಾರಿಯಲ್ಲೇ ಸೋರುತ್ತದೆ. ಅದಕ್ಕಿಂತ ದೊಡ್ಡ ತಕರಾರು ಜಾಗದ್ದು: ಅದು ಸಿಂಗಳೀಕಗಳ ಅಭಯಾರಣ್ಯ. ಬ್ಯಾಟರಿ ದುಬಾರಿ ಎನ್ನುವಾಗ ಆ ಕಾಡಿನ ಬೆಲೆಯನ್ನು ಯಾವ ಕಾಲಂನಲ್ಲಿ ಬರೆದಿದ್ದಾರೆ ಎಂದು ನೋಡಬೇಕು.

ಕಾಡೂ ಬೇಡ, ಹೊಲವೂ ಬೇಡ ಎನ್ನುವವರಿಗೆ ತಾರಸಿ ಇದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮನೆಯ ಮೇಲಿನ 3 ಕಿಲೋವಾಟ್‌ಗೆ 78,000 ರೂಪಾಯಿವರೆಗೆ ಸಹಾಯಧನ ಸಿಗುತ್ತದೆ. ಬಾಡಿಗೆ ಮನೆಯವರ ಪಾಡು ಇಲ್ಲೂ ಪಾವಗಡದ ಕೂಲಿಯವರದೇ. ಮನೆಯ ಕಳೆದ ಮೂರು ತಿಂಗಳ ಕರೆಂಟ್ ಬಿಲ್ ತೆಗೆದು ಯೂನಿಟ್ ಕೂಡಿಸಿ. 1 ಕಿಲೋವಾಟ್ ಫಲಕ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ ಎಂದಿಟ್ಟುಕೊಂಡು ನಿಮಗೆ ಎಷ್ಟು ಕಿಲೋವಾಟ್ ಬೇಕೆಂದು ಲೆಕ್ಕ ಹಾಕಿ, ಭೌತಶಾಸ್ತ್ರ ಪ್ರಯೋಗಾಲಯಕ್ಕೆ ತನ್ನಿ.